ಖಾರದ ಮಿಷನ್ನಿನ ಮೇಲೊಂದು ಮೂಗರ್ಜಿ

ಮಧುಗಿರಿ,
ಶನಿವಾರ, 1 ಮಾರ್ಚ್ 2025

ಚಿರಂಜೀವಿ ಮಲ್ಲೇಶನಿಗೆ ನಿನ್ನ ಅತ್ತಿಗೆ ಪುಷ್ಪಾವತಿಯ ಆಶೀರ್ವಾದಗಳು.

ನಾನೂ ನಿಮ್ಮಣ್ಣನೂ ಇಲ್ಲಿ ಕ್ಷೇಮ. ನಿನ್ನ ಆರೋಗ್ಯ ಹೇಗಿದೆ? ಶಿವರಾತ್ರಿಗೆ ಉಪವಾಸ ಇದ್ದೆಯಾ, ಇಲ್ಲ ಹೊಟ್ಟೆ ಉರಿ ಎಂದು ಮಧ್ಯಾಹ್ನಕ್ಕೇ ಅವಲಕ್ಕಿ ತಿಂದೆಯಾ? ಒಂಬತ್ತು ವರ್ಷದವನಿದ್ದಾಗಲೂ ನೀನು ಹಾಗೆಯೇ ಮಾಡುತ್ತಿದ್ದೆ. ಮಾವನವರಿಗೆ ಕಾಣದ ಹಾಗೆ ಸೆರಗಿನ ಮರೆಯಲ್ಲಿ ಬಾಳೆಹಣ್ಣು ಕೊಡುತ್ತಿದ್ದವಳು ನಾನೇ. ಪಾವಗಡದಲ್ಲಿ ಈಗಲೇ ಬಿಸಿಲು ಜೋರೆಂದು ಪೇಪರಿನಲ್ಲಿ ಓದಿದೆ. ಹೊಟ್ಟೆ ಉರಿಗೆ ಮಾತ್ರೆ ನುಂಗುತ್ತಾ ಕೂರಬೇಡ, ಮಜ್ಜಿಗೆಗೆ ಜೀರಿಗೆ ಹಾಕಿ ಕುಡಿ. ನಿಮ್ಮಣ್ಣನ ಬೆನ್ನು ನೋವು ಹಾಗೆಯೇ ಇದೆ. ಬಸ್ ನಿಲ್ದಾಣದಿಂದ ಪೇಪರ್ ಕಟ್ಟು ಎತ್ತಿ ತರುವುದು ಮೊದಲಿನಷ್ಟು ಆಗುತ್ತಿಲ್ಲ. ಎತ್ತುವುದಕ್ಕಾದರೂ ಎಷ್ಟಿದೆ? ನೀನು ಕಾಲೇಜಿನಲ್ಲಿದ್ದಾಗ ಮುನ್ನೂರು ಮನೆಗೆ ಹಾಕುತ್ತಿದ್ದ ಏಜೆನ್ಸಿ ಈಗ ತೊಂಬತ್ತೆರಡು ಮನೆಗೆ ಬಂದು ನಿಂತಿದೆ. ಈ ಮನೆ ನಡೆಯುವುದು ಪೇಪರಿನಿಂದಲ್ಲ, ಬೀದಿ ಕೋಣೆಯ ಖಾರದ ಮಿಷನ್ನಿನಿಂದ ಎಂಬುದು ಹನ್ನೊಂದು ವರ್ಷದಿಂದ ನಿನಗೆ ಗೊತ್ತಿರುವ ಸಂಗತಿ.

ಆ ಮಿಷನ್ ಸೋಮವಾರ ಮತ್ತೆ ಶುರುವಾಗುತ್ತದೆ. ಜನವರಿ ಎರಡಕ್ಕೆ ನಿಂತದ್ದು, ಲೆಕ್ಕ ಹಾಕಿದರೆ ಸರಿಯಾಗಿ ಅರವತ್ತು ದಿನ. ಯಾಕೆ ನಿಂತಿತು, ಹೇಗೆ ಶುರುವಾಗುತ್ತಿದೆ ಎಂಬುದನ್ನು ಮೊದಲಿನಿಂದ ಬರೆಯುತ್ತೇನೆ. ಕೆಲವು ಸಂಗತಿ ನಿನಗೆ ನನಗಿಂತ ಮೊದಲೇ ಗೊತ್ತಿದ್ದವು. ಆದರೂ ಪೂರ್ತಿ ಓದು.

ಜನವರಿ ಎರಡು ಗುರುವಾರ. ಬೆಳಿಗ್ಗೆ ಹನ್ನೊಂದು ಗಂಟೆಯ ಹೊತ್ತಿಗೆ ಪುರಸಭೆಯಿಂದ ನೋಟೀಸು ಬಂತು. ಆಗ ನಾನು ಮಿಷನ್ನಿನ ಬಾಯಿಗೆ ಮೆಣಸಿನಕಾಯಿ ಸುರಿಯುತ್ತಿದ್ದೆ, ಕೂಲಿಗೆ ಬರುವ ಓಬಕ್ಕ ಕೆಳಗೆ ಕೂತು ಪುಡಿ ಜರಡಿ ಹಿಡಿಯುತ್ತಿದ್ದಳು. ವಾಸದ ವಲಯದಲ್ಲಿ ಅನುಮತಿ ಇಲ್ಲದೆ ಗಿರಣಿ ನಡೆಸುತ್ತಿರುವುದಾಗಿ ದೂರು ಬಂದಿದೆ, ಪರಿಶೀಲನೆ ಮುಗಿಯುವವರೆಗೆ ನಿಲ್ಲಿಸತಕ್ಕದ್ದು ಎಂದು ಬರೆದಿತ್ತು. ನೋಟೀಸು ತಂದವನು ಸಹಿ ಹಾಕಿಸಿಕೊಳ್ಳುವಷ್ಟರಲ್ಲಿ ಐದು ಸಲ ಸೀನಿದ. ನಾನು ಸ್ವಿಚ್ ಆರಿಸಿದೆ. ವರ್ಷದ ಸಾರಿನಪುಡಿ ಮಾಡಿಸಿಕೊಳ್ಳುವ ಕಾಲ ಆಗತಾನೇ ಶುರುವಾಗಿತ್ತು. ಶಿರಾದಿಂದ, ಕೊರಟಗೆರೆಯಿಂದ ಜನ ತಮ್ಮ ತಮ್ಮ ಧನಿಯ, ಮೆಣಸಿನಕಾಯಿಯನ್ನು ಡಬ್ಬದಲ್ಲಿ ತುಂಬಿ, ಮೇಲೆ ಹೆಸರಿನ ಚೀಟಿ ಅಂಟಿಸಿ ಇಟ್ಟುಹೋಗಿದ್ದರು. ಮೂವತ್ತೊಂದು ಡಬ್ಬ. ಮಾರನೆಯ ದಿನದಿಂದ ಒಬ್ಬೊಬ್ಬರಿಗೇ ಫೋನ್ ಮಾಡಿ, ಹುರಿದ ಸಾಮಾನನ್ನು ಹುರಿದ ಹಾಗೆಯೇ ವಾಪಸು ಕೊಟ್ಟೆ. ಶಿರಾದ ಒಬ್ಬಾಕೆ, ಎಂಟು ವರ್ಷದಿಂದ ಬರುತ್ತಿದ್ದವಳು, ಡಬ್ಬದ ಮೇಲಿನ ಚೀಟಿ ಕಿತ್ತು ನನ್ನ ಕೈಗಿಟ್ಟು ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಓಬಕ್ಕ ಮೆಟ್ಟಿಲ ಮೇಲೆ ಕೂತು, "ಯಾರ ಕಣ್ಣು ಬಿತ್ತೋ ಕಣಕ್ಕ, ಮೆಣಸಿನಕಾಯಿ ನೀವಳಿಸೋರ ಮನೇಗೇ ದೃಷ್ಟಿ ತಾಕ್ತು" ಅಂದಳು. ಆಗ ನಗು ಬಂತು. ಆಮೇಲೆ ಬರಲಿಲ್ಲ.

ದೂರು ಕೊಟ್ಟವರು ಯಾರೆಂದು ನೋಟೀಸಿನಲ್ಲಿ ಇರಲಿಲ್ಲ. ನನ್ನ ಮನಸ್ಸು ನೇರವಾಗಿ ಎದುರು ಮನೆ ಕರಿಬಸಮ್ಮನ ಮೇಲೆ ಹೋಯಿತು. ಆಕೆಗೆ ಉಬ್ಬಸ. ಗಾಳಿ ಆ ಕಡೆ ಬೀಸಿದ ದಿನ ಕಿಟಕಿ ಮುಚ್ಚಿಕೊಂಡು ಕೆಮ್ಮುವುದು ನಮಗೂ ಕೇಳಿಸುತ್ತಿತ್ತು. ನಮ್ಮ ಕೊಳವೆಬಾವಿಯಿಂದ ಆಕೆಯ ಮನೆಗೆ ಒಂದು ಪೈಪು ಹೋಗಿದೆಯಲ್ಲ, ಮಾವನವರ ಕಾಲದಲ್ಲಿ ಕೊಟ್ಟದ್ದು, ಜನವರಿ ಮೂರರ ಬೆಳಿಗ್ಗೆ ನಾನು ಅದರ ವಾಲ್ವ್ ತಿರುಗಿಸಿ ಮುಚ್ಚಿದೆ. ಮೋಟಾರು ಕೆಟ್ಟಿದೆ ಎಂದೂ ಹೇಳಲಿಲ್ಲ, ಏನೂ ಹೇಳಲಿಲ್ಲ. ಅರವತ್ತೆರಡು ವರ್ಷದ ಹೆಂಗಸು ಬೀದಿಯ ತುದಿಯ ನಲ್ಲಿಯಿಂದ ಬಿಂದಿಗೆ ಹೊತ್ತು ತರುವುದನ್ನು ನಾನು ಕಿಟಕಿಯಲ್ಲಿ ನಿಂತು ನೋಡಿದೆ, ಮಲ್ಲೇಶ. ಒಂದು ದಿನ ಎರಡು ದಿನ ಅಲ್ಲ, ಮೂವತ್ತೆರಡು ದಿನ ನೋಡಿದೆ. ನನಗೆ ಸಮಾಧಾನವೇ ಆಗುತ್ತಿತ್ತು. ಇದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ, ಯಾಕೆಂದರೆ ಇದರ ಪಾಲು ನಿನ್ನ ತಲೆಯ ಮೇಲೂ ಇದೆ.

ಜನವರಿ ಒಂಬತ್ತಕ್ಕೆ ಪುರಸಭೆಯ ಇಂಜಿನಿಯರ್ ಅಳತೆಗೆ ಬಂದರು. ನವೀನ್‌ಕುಮಾರ್ ಅಂತ ಹೆಸರು, ಚಿಕ್ಕ ವಯಸ್ಸು. ಟೇಪಿನ ಒಂದು ತುದಿ ನನ್ನ ಕೈಗೇ ಕೊಟ್ಟು ಹಿಡಿದುಕೊಳ್ಳಿ ಅಂದರು. ಬೀದಿ ಕೋಣೆ ಹನ್ನೆರಡು ಅಡಿಗೆ ಹದಿನಾಲ್ಕು ಅಡಿ. ಮೂಟೆ ಇಟ್ಟಿದ್ದ ಜಗಲಿ ಆರಕ್ಕೆ ಹದಿನಾಲ್ಕು. ಮೋಟಾರು ಐದು ಎಚ್‌ಪಿ. ಎಲ್ಲವನ್ನೂ ಬರೆದುಕೊಂಡರು. ಜಪ್ತಿ ಮಾಡುತ್ತೀರಾ ಎಂದು ಕೇಳಿದೆ. ಅವರು ಕರವಸ್ತ್ರದಿಂದ ಮೂಗು ಒರೆಸಿಕೊಳ್ಳುತ್ತಾ, "ಅಮ್ಮ, ಮನೇಲಿ ಮಿಷನ್ ಇಡಬಾರ್ದು ಅಂತ ಯಾರಂದ್ರು ನಿಮಗೆ? ಹಿಂಗಿಡಬಾರ್ದು ಅಂತ ಅಷ್ಟೇ" ಅಂದರು. ಮಾರನೆಯ ದಿನ ಕಚೇರಿಗೆ ಹೋಗಿ, ಅವರು ತೋರಿಸಿದ ಪುಟಗಳ ಜೆರಾಕ್ಸ್ ಮಾಡಿಸಿಕೊಂಡು ಬಂದೆ. ಅಲ್ಲಿಯವರೆಗೆ ಯಾರೋ ಹೇಳಿದ ಮಾತಿಗೆ ಹೆದರಿದ್ದೆ. ಅಚ್ಚಾದ ಅಕ್ಷರ ಕೈಗೆ ಸಿಕ್ಕ ಮೇಲೆ ಹೆದರಿಕೆ ಹೋಯಿತು. ಮದುವೆಯಾಗಿ ಈ ಮನೆಗೆ ಬಂದ ದಿನದಿಂದ ಮಾರಾಟವಾಗದೆ ಉಳಿದ ಪೇಪರನ್ನು ಮೊದಲ ಪುಟದಿಂದ ಟೆಂಡರ್ ಜಾಹೀರಾತಿನವರೆಗೆ ಓದಿದವಳು ನಾನು. ನಿಯಮ ಓದುವುದು ನನಗೇನೂ ಕಷ್ಟವಲ್ಲ.

ಅದರಲ್ಲಿದ್ದದ್ದು ಇಷ್ಟು. ವಾಸದ ವಲಯದ ಮನೆಯಲ್ಲಿ ಮನೆಯವರೇ ನಡೆಸುವ ಸಣ್ಣ ಉದ್ಯಮಕ್ಕೆ ಅವಕಾಶ ಉಂಟು. ಅದು ಮನೆಯ ಕಟ್ಟಡದ ಐದರಲ್ಲಿ ಒಂದು ಭಾಗ ಮೀರಬಾರದು. ಮೋಟಾರು ಮೂರು ಎಚ್‌ಪಿ ದಾಟಬಾರದು. ಹೊಗೆ, ಘಾಟು, ಸದ್ದು ಪಕ್ಕದ ಮನೆಗೆ ಹೋಗಬಾರದು. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಮಾತ್ರ. ಕೂಲಿಗೆ ಹೊರಗಿನವರನ್ನು ಇಟ್ಟುಕೊಳ್ಳುವಂತಿಲ್ಲ. ನಮ್ಮ ಮನೆ ಸಾವಿರ ಚದರಡಿ, ಐದರಲ್ಲಿ ಒಂದು ಎಂದರೆ ಇನ್ನೂರು. ಕೋಣೆ, ಜಗಲಿ ಸೇರಿ ನಾನು ಬಳಸುತ್ತಿದ್ದದ್ದು ಇನ್ನೂರ ಐವತ್ತೆರಡು. ಅಂದರೆ ನನ್ನ ಅಪರಾಧ ಐವತ್ತೆರಡು ಚದರಡಿ, ಎರಡು ಎಚ್‌ಪಿ ಮತ್ತು ಓಬಕ್ಕ.

ಸಂಕ್ರಾಂತಿಗೆ ನೀನು ಬಂದೆ. ಎಳ್ಳು ಬೆಲ್ಲ ತಿಂದೆ, ಸಿಹಿ ಪೊಂಗಲ್ ಎರಡು ಸಲ ಹಾಕಿಸಿಕೊಂಡೆ, ಮುಚ್ಚಿದ ಬೀದಿ ಕೋಣೆಯ ಬಾಗಿಲನ್ನು ಕಾಲಿನಿಂದ ತಳ್ಳಿ ನೋಡಿದೆ. ಆಮೇಲೆ ಕೈ ತೊಳೆಯುತ್ತಾ, "ಮಾರ್ಬುಡತ್ತಿಗೆ, ಈ ವಯಸ್ಸಲ್ಲಿ ಯಾಕ್ ಬೇಕು ಈ ಘಾಟು? ಮುಂದ್ಲ ರೂಮು ಬಾಡಿಗೇಗೆ ಕೊಟ್ಬುಟ್ರೆ ಕಾಲ್ಮೇಲ್ ಕಾಲಾಕ್ಕೊಂಡು ಪೇಪರ್ ಓದ್ಬೋದು" ಅಂದೆ. ನಿಯಮದ ಪ್ರಕಾರ ಸರಿಪಡಿಸಿಕೊಂಡರೆ ಮತ್ತೆ ಶುರು ಮಾಡಬಹುದಂತೆ ಎಂದು ನಾನು ಹೇಳಿದ್ದಕ್ಕೆ, ಪಾವಗಡಕ್ಕೆ ಹೋದ ಮೇಲೆ ಕಲಿತ ತೆಲುಗಿನಲ್ಲಿ "ಅಯ್ಯೇ ಪನಿ ಕಾದು ಅತ್ತಿಗೆ, ಅದೆಲ್ಲ ಆಗೋ ಮಾತಲ್ಲ" ಅಂದು ಬೈಕ್ ಹತ್ತಿದೆ. ನಿನ್ನ ಬ್ಯಾಗಿಗೆ ಒಂದು ಕೆಜಿ ಚಟ್ನಿಪುಡಿ ಇಟ್ಟೆ. ಮಿಷನ್ನಿನಲ್ಲಿದ್ದ ಕೊನೆಯ ಪುಡಿ ಅದು.

ಅಷ್ಟು ಹೊತ್ತಿಗೆ ನಾನು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಎಂಟು ದಿನವಾಗಿತ್ತು. ನನ್ನ ಮೇಲೆ ಬಂದಿರುವ ದೂರಿನ ನಕಲು ಕೊಡಿ ಎಂದು ಕೇಳಿದ್ದೆ. ಫೆಬ್ರವರಿ ನಾಲ್ಕು, ಮಂಗಳವಾರ, ನಕಲು ಅಂಚೆಯಲ್ಲಿ ಬಂತು. ದೂರುದಾರರ ಹೆಸರು ಇದ್ದರೆ ಮುಚ್ಚಿ ಕೊಡುತ್ತೇವೆ ಎಂದು ಮೊದಲೇ ಹೇಳಿದ್ದರು. ಮುಚ್ಚುವುದಕ್ಕೆ ಹೆಸರೇ ಇರಲಿಲ್ಲ, ಕೆಳಗೆ 'ನೊಂದ ನಾಗರಿಕರು' ಎಂದಿತ್ತು. ಕಂಪ್ಯೂಟರಿನಲ್ಲಿ ಅಚ್ಚು ಹಾಕಿಸಿದ ಒಂದು ಪುಟದ ಮೂಗರ್ಜಿ. ಮೇಲ್ಕಂಡ ಮನೆಯವರು ಬೀದಿಗೆ ಕಾಣುವಂತೆ ಫಲಕ ಹಾಕಿಕೊಂಡು, ಹೊರಗಿನ ಕೂಲಿಯವರನ್ನು ಇಟ್ಟುಕೊಂಡು, ವೃದ್ಧರಿಗೂ ಮಕ್ಕಳಿಗೂ ಉಸಿರಾಟದ ತೊಂದರೆ ಕೊಡುತ್ತಿದ್ದಾರೆ ಎಂದೆಲ್ಲ ಇತ್ತು. ಎರಡು ಸಲ ಓದಿದೆ. ಮೂರನೆಯ ಸಲ ಓದುವಾಗ ಕಣ್ಣು ಪುಟದ ನೆತ್ತಿಗೆ ಹೋಯಿತು. ಅಚ್ಚಿನಲ್ಲಿ ಬಿಟ್ಟುಹೋಗಿದ್ದ ಒಂದು ಸಾಲನ್ನು ಯಾರೋ ಪೆನ್ನಿನಿಂದ ಬರೆದು ಸೇರಿಸಿದ್ದರು. ಶ್ರೀ ಗುಟ್ಟೆ ಮಲ್ಲೇಶ್ವರಸ್ವಾಮಿ ಪ್ರಸನ್ನ.

ನಿಮ್ಮ ತಂದೆ ಚನ್ನಮಲ್ಲಯ್ಯನವರು ಮನೆದೇವರ ಹೆಸರು ಬರೆಯದೆ ಬಿಳಿ ಹಾಳೆಯ ಮೇಲೆ ಪೆನ್ನು ಊರಿದವರಲ್ಲ. ನಿಮ್ಮಿಬ್ಬರಿಗೂ ಅದನ್ನೇ ಕಲಿಸಿದರು. ದಿನಸಿ ಚೀಟಿಯ ಮೇಲೂ ಬರೆಯಬೇಕು, ಸಾಲದ ಪತ್ರದ ಮೇಲೂ ಬರೆಯಬೇಕು. ಹತ್ತನೇ ತರಗತಿ ಪರೀಕ್ಷೆಯಲ್ಲಿ ಉತ್ತರ ಪತ್ರಿಕೆಯ ಮೇಲೆ ಗುರುತು ಹಾಕಬಾರದೆಂದು ಮೇಷ್ಟ್ರು ಬೈದರೂ ನೀನು ಮೂಲೆಯಲ್ಲಿ ಸಣ್ಣಗೆ ಬರೆದು ಬಂದೆ. ಫೇಲಾದರೆ ಏನು ಗತಿ ಎಂದು ಮೂರು ದಿನ ನನ್ನ ಮುಂದೆ ಅತ್ತೆ. ಗುಟ್ಟೆಯ ಮೇಲಿನ ಆ ಒಂದು ಅಂಕಣದ ಗುಡಿಗೆ ಒಕ್ಕಲಿರುವ ಮನೆಗಳು ಎರಡೇ. ಒಂದು ನಮ್ಮದು, ಇನ್ನೊಂದು ನಿನ್ನದು. ಹೆಸರು ಹೇಳದ ಅರ್ಜಿ ಬರೆಸುವಾಗ ನಿನ್ನ ಹೆಸರು, ವಿಳಾಸ, ಫೋನ್ ನಂಬರು ಎಲ್ಲವನ್ನೂ ಬಿಡಲು ನಿನಗೆ ನೆನಪಿತ್ತು. ದೇವರನ್ನು ಬಿಡಲು ಧೈರ್ಯ ಬರಲಿಲ್ಲ. ಸಾಲದ್ದಕ್ಕೆ ಫಲಕವನ್ನೂ ಸಾಕ್ಷಿಯಾಗಿ ಬರೆಸಿದ್ದೀಯ. ಆ ಫಲಕಕ್ಕೆ ಬಣ್ಣ ಹಚ್ಚಿ, ಏಣಿ ಹತ್ತಿ, ಮೊಳೆ ಹೊಡೆದವನು ನೀನೇ ಅಲ್ಲವೇನೋ?

ನಾನು ಕೂಗಾಡಲಿಲ್ಲ. ಕೂಗಾಡಿದರೆ ಸಿಟ್ಟು ಇಳಿದುಹೋಗುತ್ತದೆ, ಅದನ್ನು ಇಳಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಮೊದಲು ಹೊರಗೆ ಹೋಗಿ ವಾಲ್ವ್ ತಿರುಗಿಸಿದೆ. ಆಮೇಲೆ ಕರಿಬಸಮ್ಮನ ಮನೆಗೆ ಹೋಗಿ ನಡುಮನೆಯಲ್ಲಿ ನಿಂತು ನಡೆದದ್ದನ್ನು ಹೇಳಿದೆ. ಆಕೆ ಕೂರು ಅನ್ನಲಿಲ್ಲ. "ನಂಗೆ ಕೆಮ್ಮು ಬಂದ್ರೆ ನಿನ್ ಬಾಗ್ಲಿಗೇ ಬಂದು ಕೆಮ್ತೀನಿ ಕಣಮ್ಮ. ಪುರಸಭೇಗೋಗಿ ಕೆಮ್ಮಾಕೆ ನಂಗೇನು ಕಾಲು ಸುಮ್ನಿದ್ವಾ, ನೀರು ಹೊರೋದೇ ಆಗಿತ್ತಲ್ಲ" ಅಂದಳು. ಆಮೇಲೆ ಕಾಫಿ ಕೊಟ್ಟಳು. ಹಾಗೆ ತಲೆ ತಗ್ಗಿಸಿ ಕಾಫಿ ಕುಡಿದದ್ದು ನನಗೆ ಅದೇ ಮೊದಲು. ನೋಟೀಸನ್ನು ಬೇಕಾದರೆ ಮರೆಯುತ್ತಿದ್ದೆನೋ ಏನೋ, ಆ ಕಾಫಿಯನ್ನು ಮರೆಯಲಾರೆ. ಮನೆಗೆ ಬಂದು ನಿಮ್ಮಣ್ಣನಿಗೆ ಮೂಗರ್ಜಿ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಆ ಸಾಲನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಹೋಗ್ಲಿ ಬುಡು ಪುಷ್ಪ. ದೇವರ ಹೆಸ್ರಾದ್ರೂ ಬರ್ದವ್ನಲ್ಲ" ಅಂದರು. ನಿಮ್ಮಣ್ಣ ಚಂದ್ರಶೇಖರಯ್ಯ ಎಂದರೆ ಅಷ್ಟೇ, ನಿನಗೂ ಗೊತ್ತು. ಬಿಡುವುದನ್ನು ಅವರು ಬಿಡಲಿ. ಹನ್ನೊಂದು ವರ್ಷ ಖಾರ ಕುಡಿದವಳು ನಾನು.

ಯಾಕೆ ಮಾಡಿದೆ ಎಂಬುದು ಮಾತ್ರ ತಿಳಿದಿರಲಿಲ್ಲ. ಅದೂ ತಾನಾಗಿ ಬಾಗಿಲಿಗೆ ಬಂತು. ಫೆಬ್ರವರಿ ಹತ್ತರಂದು ಟೈ ಕಟ್ಟಿಕೊಂಡಿದ್ದ ಒಬ್ಬ ಹುಡುಗ ಬಂದು ಬೀದಿ ಕೋಣೆ ನೋಡಬೇಕು ಅಂದ. ಒಡವೆ ಇಟ್ಟುಕೊಂಡು ಸಾಲ ಕೊಡುವ ಒಂದು ಕಂಪನಿಯವನು. "ಮಲ್ಲೇಶ್ ಸರ್ ಹೇಳಿದ್ರು ಮೇಡಂ, ಏಪ್ರಿಲ್‌ಗೆ ಖಾಲಿ ಆಗುತ್ತಂತೆ, ನಮ್ಮ ಬ್ರಾಂಚ್‌ಗೆ ಫಿಕ್ಸ್ ಆಗಿದೆ" ಎಂದ. ಟೇಪು ಹಿಡಿದು ಅವನೂ ಅಳೆದ. ಹನ್ನೆರಡಕ್ಕೆ ಹದಿನಾಲ್ಕು. ನಾನೇ ಹೇಳುತ್ತಿದ್ದೆ, ಅಳೆಯುವ ಶ್ರಮ ಬೇಕಿರಲಿಲ್ಲ. ಮನೆಯ ಖಾತೆ ನಿಮ್ಮಿಬ್ಬರ ಹೆಸರಿನಲ್ಲಿ ಜಂಟಿಯಾಗಿದೆ, ನಿನ್ನ ಪಾಲು ಕೇಳುವ ಹಕ್ಕು ನಿನಗಿದೆ. ಬಂದು ಎದುರಿಗೆ ಕೂತು, ಅತ್ತಿಗೆ, ಕೋಣೆ ನನಗೆ ಬೇಕು ಎಂದಿದ್ದರೆ ಜಗಳ ಆಡುತ್ತಿದ್ದೆ, ಆಮೇಲೆ ಒಂದು ದಾರಿ ಆಗುತ್ತಿತ್ತು. ನೀನು ನನ್ನ ಕೈಯಿಂದ ಕೆಲಸ ಕಿತ್ತು, ನಾನೇ ಬೇಸತ್ತು ಕೋಣೆ ಬಿಟ್ಟುಕೊಡಲಿ ಎಂದು ಕಾದೆ. ಇದರಲ್ಲಿ ಒಂದು ತಮಾಷೆ ಇದೆ. ನೀನು ನನ್ನ ಮೇಲೆ ಬಿಟ್ಟ ಅದೇ ನಿಯಮದ ಪ್ರಕಾರ ಖಾರದ ಮಿಷನ್ನಿಗೆ ಆ ಕೋಣೆಯಲ್ಲಿ ಜಾಗ ಉಂಟು; ಸಾಲದ ಕಂಪನಿಯ ಬ್ರಾಂಚ್‌ಗೆ ಇಲ್ಲ. ಅದಕ್ಕೆ ವಾಣಿಜ್ಯ ವಲಯ ಬೇಕು. ಆ ಪುಟವನ್ನು ಹುಡುಗನಿಗೆ ತೋರಿಸಿದೆ. ಅವನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು, ಟೀ ಕುಡಿದು ಹೋದ. ಆಮೇಲೆ ನಿನಗೆ ಆ ಕಂಪನಿಯಿಂದ ಫೋನ್ ಬಂದಿರಲಿಕ್ಕಿಲ್ಲ. ಯಾಕೆಂದು ಈಗ ತಿಳಿಯಿತಲ್ಲ.

ಎರಡು ದಿನದಲ್ಲಿ ಅರ್ಜಿ ಕೊಟ್ಟೆ. ಜಗಲಿಯ ಮೂಟೆಗಳನ್ನೆಲ್ಲ ತೆಗೆಸಿದೆ, ಈಗ ಬಳಸುವುದು ನೂರ ಅರವತ್ತೆಂಟು ಚದರಡಿ, ಇನ್ನೂ ಮೂವತ್ತೆರಡು ಅಡಿ ಉಳಿದಿದೆ. ಐದರ ಮೋಟಾರು ಕೊಟ್ಟು ಮೂರರದ್ದು ತಂದೆ. ಘಾಟು ಹೊರಗೆ ಹೋಗದ ಹಾಗೆ ಕಿಟಕಿಗೆ ಗಾಜು ಕೂರಿಸಿ, ಹೊಗೆ ಕೊಳವೆಯ ಬಾಯನ್ನು ನೀರಿನ ಡ್ರಮ್ಮಿನೊಳಗೆ ಇಳಿಸಿದ್ದೇನೆ. ಪರೀಕ್ಷೆಗೆಂದು ಕರಿಬಸಮ್ಮನನ್ನೇ ಆಕೆಯ ಬಾಗಿಲಲ್ಲಿ ಕೂರಿಸಿ ಎರಡು ಕೆಜಿ ಗುಂಟೂರು ಮೆಣಸಿನಕಾಯಿ ಬೀಸಿದೆ. ಆಕೆ ಕೆಮ್ಮದೆ, ತನಗೆ ತೊಂದರೆ ಇಲ್ಲವೆಂದು ಬರೆದು ಸಹಿ ಹಾಕಿದಳು. ಹುರಿಯುವ ಕೆಲಸವನ್ನು ಓಬಕ್ಕ ತನ್ನ ಮನೆಯಲ್ಲೇ ಮಾಡಿ ತಂದುಕೊಡುತ್ತಾಳೆ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಉಳಿದ ತೊಡಕು ಒಂದೇ. ಮಿಷನ್ನಿಗೆ ಇಬ್ಬರು ಬೇಕು, ಒಬ್ಬರು ಸುರಿಯಲು, ಒಬ್ಬರು ಜರಡಿ ಹಿಡಿಯಲು. ಇಬ್ಬರೂ ಮನೆಯವರೇ ಆಗಿರಬೇಕು, ಮನೆಯವರೆಂದರೆ ಈ ವಿಳಾಸದ ಪಡಿತರ ಚೀಟಿಯಲ್ಲಿ ಹೆಸರಿರುವವರು ಎಂದು ಕಚೇರಿಯಲ್ಲಿ ಹೇಳಿದರು. ನಿಮ್ಮಣ್ಣನ ಬೆನ್ನಿಗೆ ಅದು ಆಗದ ಕೆಲಸ. ನಮ್ಮ ಮಗಳು ಧನಲಕ್ಷ್ಮಿಯ ಹೆಸರು ಮದುವೆಯಾದ ಮೇಲೆ ಕೊರಟಗೆರೆಯ ಚೀಟಿಗೆ ಹೋಯಿತು. ಆದರೂ ಒಬ್ಬರ ಹೆಸರು ಬರೆದು ಕೊಟ್ಟೆ, ಒಪ್ಪಿದರು. ನಿನ್ನೆ ಶುಕ್ರವಾರ ಲೈಸೆನ್ಸ್ ಕೈಗೆ ಬಂತು.

ಇನ್ನು ನಿನ್ನ ಮನೆಯ ವಿಷಯ. ವಾಸದ ಮನೆಯೆಂದು ನಕ್ಷೆ ಪಾಸು ಮಾಡಿಸಿದ್ದು ಎರಡು ಅಂತಸ್ತು, ಕಟ್ಟಿದ್ದು ಮೂರು. ತಿರುಮಣಿಯ ಕಡೆ ಸೋಲಾರ್ ಕೆಲಸಕ್ಕೆ ಹೋಗುವ ಹದಿನೆಂಟು ಜನರನ್ನು ಒಂಬತ್ತು ಕೋಣೆಯಲ್ಲಿ ಇಟ್ಟುಕೊಂಡು, ಕೆಳಗೆ ಮೆಸ್ ನಡೆಸುತ್ತಿದ್ದೀಯ. ಬೆಳಗಿನ ಜಾವಕ್ಕೆ ಎದ್ದು ಅಷ್ಟೂ ಜನಕ್ಕೆ ತಿಂಡಿ, ಮುದ್ದೆ, ಸಾರು ಬೇಯಿಸುವವಳು ನಿನ್ನ ಹೆಂಡತಿ ಲೋಹಿತಾ. ಬೋರ್ಡಿನ ಮೇಲೆ ಇರುವುದು 'ಮಲ್ಲೇಶ್ ಪಿ.ಜಿ.' ಲೈಸೆನ್ಸ್ ಇಲ್ಲ. ಮೆಟ್ಟಿಲ ಕೆಳಗೆ ಸಿಲಿಂಡರ್ ಸಾಲಾಗಿ ಇಟ್ಟಿದ್ದೀಯ. ಐದರಲ್ಲಿ ಒಂದು ಭಾಗದ ಮಾತು ಹಾಗಿರಲಿ, ನೀವಿಬ್ಬರು ಮಲಗುವ ಕೋಣೆ ಬಿಟ್ಟರೆ ಆ ಕಟ್ಟಡದಲ್ಲಿ ಮನೆ ಎನ್ನುವುದೇ ಉಳಿದಿಲ್ಲ. ಇದನ್ನೆಲ್ಲ ಅಡಿ, ಅಂಗುಲ ಸಹಿತ ನಾಲ್ಕು ಪುಟ ಬರೆದು ಫೆಬ್ರವರಿ ಹನ್ನೆರಡರಂದು ನಿಮ್ಮ ಊರಿನ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ನನ್ನದು ಮೂಗರ್ಜಿ ಅಲ್ಲ. ಪುಷ್ಪಾವತಿ, ಕೋಂ ಚಂದ್ರಶೇಖರಯ್ಯ, ಮಧುಗಿರಿ, ಆಪಾದಿತರ ಅತ್ತಿಗೆ ಎಂದು ಬರೆದು, ಫೋನ್ ನಂ‌ಬರ್ ಕೊಟ್ಟು, ಸಹಿ ಹಾಕಿದ್ದೇನೆ. ಹಿಂಬರಹ ಬಂದಿದೆ. ಸೋಮವಾರ ಹನ್ನೊಂದು ಗಂಟೆಗೆ ಸ್ಥಳ ಪರಿಶೀಲನೆಗೆ ಬರುತ್ತಾರೆ. ಈ ಕಾಗದವನ್ನು ಮಾತ್ರ ಸಾದಾ ಅಂಚೆಗೆ ಹಾಕುತ್ತಿದ್ದೇನೆ. ಶನಿವಾರ ಡಬ್ಬಿಗೆ ಬಿದ್ದದ್ದು ಪಾವಗಡ ತಲುಪುವುದು ಮಂಗಳವಾರ. ನಡುವೆ ಕೋಣೆಗಳನ್ನು ಖಾಲಿ ಮಾಡಿಸುವ ಯೋಚನೆ ನಿನಗೆ ಬರದಿರಲಿ ಎಂದು ಹಾಗೆ ಮಾಡಿದೆ. ನೀನು ಇದನ್ನು ಓದುವ ಹೊತ್ತಿಗೆ ಅಳತೆ ಮುಗಿದಿರುತ್ತದೆ.

ಸೇಡು ಎಂದು ನೀನು ಅನ್ನಬಹುದು. ಅದು ಸೇಡೇ, ಬೇರೆ ಹೆಸರು ಹುಡುಕಲು ಹೋಗಿಲ್ಲ. ಆದರೆ ಒಂದು ಸುಳ್ಳೂ ಬರೆದಿಲ್ಲ. ನಿನಗೂ ನನ್ನ ಹಾಗೆಯೇ ದಾರಿ ಉಂಟು. ಹೆಚ್ಚಾದದ್ದನ್ನು ಇಳಿಸು, ನಿಯಮದಷ್ಟು ಉಳಿಸು, ಅರ್ಜಿ ಕೊಡು. ಪುಟಗಳ ಜೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ, ಎರಡೂ ಊರಿಗೆ ಅದೇ ನಿಯಮ. ನಿಮ್ಮಣ್ಣನಿಗೆ ಈ ಕಾಗದದ ಸಂಗತಿ ಹೇಳಿಲ್ಲ, ಹೇಳಿದರೆ ನಿನಗೆ ಫೋನ್ ಮಾಡಿಬಿಡುತ್ತಾರೆ. ಅವರ ಮೇಲೆ ಕೋಪ ಮಾಡಿಕೊಳ್ಳಬೇಡ. ಆರೋಗ್ಯ ನೋಡಿಕೊ, ಬಿಸಿಲಲ್ಲಿ ಬೈಕ್ ಓಡಿಸಬೇಡ. ಗುಟ್ಟೆ ಮಲ್ಲಪ್ಪ ನಿನಗೆ ಆಯಸ್ಸು ಕೊಡಲಿ. ಬುದ್ಧಿಯನ್ನು ನಾನು ಕೊಡುತ್ತಿದ್ದೇನೆ.

ಇತಿ ನಿನ್ನ ಅತ್ತಿಗೆ,
ಪುಷ್ಪಾವತಿ

ಮರುಬರಹ: ಡಬ್ಬಿ ತೆರೆಯುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತಿದ್ದೇನೆ. ಲೈಸೆನ್ಸಿನಲ್ಲಿ ನನ್ನ ಹೆಸರಿನ ಕೆಳಗಿರುವುದು ಲೋಹಿತಾಳ ಹೆಸರು. ಮನೆಯ ಮೇಲಿನ ಹಿಡಿತ ತಪ್ಪೀತೆಂದು ಏಳು ವರ್ಷದಿಂದ ನೀನು ನಿಮ್ಮಿಬ್ಬರ ಹೆಸರನ್ನು ಮಧುಗಿರಿಯ ಪಡಿತರ ಚೀಟಿಯಿಂದ ತೆಗೆಸಲಿಲ್ಲ, ಹಾಗಾಗಿ ಕಾನೂನಿಗೆ ಅವಳು ಈ ಮನೆಯವಳು. ತಾಯಿಯ ಕಣ್ಣಿನ ಆಪರೇಷನ್‌ಗೆಂದು ಚನ್ನರಾಯನದುರ್ಗದಲ್ಲಿದ್ದಾಳೆ ಎಂದು ನೀನು ತಿಳಿದಿದ್ದೀಯ. ಅದು ಮುಗಿದು ವಾರವಾಯಿತು. ಶಿವರಾತ್ರಿಯ ದಿನದಿಂದ ಅವಳು ಇಲ್ಲಿದ್ದಾಳೆ. ಮೂಗರ್ಜಿಯ ಸಂಗತಿಯನ್ನು ನಾನು ಫೋನಿನಲ್ಲಿ ಹೇಳಿದಾಗ, "ಅಕ್ಕ, ಅದನ್ನ ಟೈಪ್ ಮಾಡ್ಸಕ್ಕೆ ಹೋದಾಗ ನಾನೂ ಗಾಡೀಲೇ ಇದ್ದೆ. ಏನ್ರೀ ಅದು ಅಂದಿದ್ದಕ್ಕೆ, ನೀನು ಮುದ್ದೆ ತಿರುವೋದು ನೋಡ್ಕ ಅಂದ್ರು" ಅಂದಳು. ನಿನ್ನ ಒಂಬತ್ತು ಕೋಣೆಗಳನ್ನು ಅಳೆದುಕೊಟ್ಟವಳೂ ಅವಳೇ, ರವಿಕೆ ಅಳೆಯುವ ಟೇಪಿನಲ್ಲಿ. ಅವಳನ್ನು ನಾನು ಕರೆಯಲಿಲ್ಲ, ಹೆಸರು ಬರೆಯಲಾ ಎಂದು ಕೇಳಿದೆ ಅಷ್ಟೇ. "ನನ್ನೆಸ್ರು ಎಲ್ಲಾದ್ರೂ ಒಂದ್ಕಡೆ ಬರೀರಿ ಅಕ್ಕ" ಅಂದಳು. ಹತ್ತು ದಿನಕ್ಕೆಂದು ನೀನು ಗೊತ್ತು ಮಾಡಿಕೊಂಡಿರುವ ಅಡುಗೆಯವಳನ್ನು ಬಿಡಿಸಬೇಡ. ಲೋಹಿತಾಳ ಜೊತೆ ಮಾತಾಡಬೇಕಾದರೆ ಸಂಜೆ ಆರರ ಮೇಲೆ ಬಾ. ಅದಕ್ಕೂ ಮೊದಲು ಬಂದರೆ ಜಗಲಿಯಲ್ಲಿ ಕಾಯಬೇಕಾಗುತ್ತದೆ, ಬೀದಿ ಕೋಣೆಯೊಳಗೆ ಲೈಸೆನ್ಸಿನಲ್ಲಿ ಹೆಸರಿಲ್ಲದ ಹೊರಗಿನವರನ್ನು ಬಿಡುವಂತಿಲ್ಲ.